ಹಕ್ಕಿ ಚೆಂದ, ಚಿತ್ರ ಹೇಗಿದೆ?

ಫೋಟೊಗ್ರಫಿ ಕ್ಲಬ್ಬಿನ ತಿಂಗಳ ಸಭೆ. ಕಿಟಕಿಗಳಿಗೆ ಪರದೆ ಎಳೆದು, ದೀಪ ಆರಿಸಿ ಪ್ರೊಜೆಕ್ಟರ್ ಹಾಕಿದ್ದಾರೆ. ಗೋಡೆಯ ಮೇಲೆ ಒಂದು ಮಿಂಚುಳ್ಳಿ: ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದ ಮೀನು, ರೆಕ್ಕೆಯಿಂದ ಸಿಡಿದ ಹನಿಗಳು, ಹಿಂದೆಲ್ಲ ನುಣುಪಾದ ಹಸಿರು. ‘ಅಬ್ಬಾ’ ಅನ್ನುತ್ತದೆ ಕತ್ತಲಿನ ಒಂದು ಮೂಲೆ. ‘ಸೂಪರ್ ಸರ್’, ‘ಯಾವ ಲೆನ್ಸು?’, ‘ಎಷ್ಟು ಹೊತ್ತು ಕಾದ್ರಿ?’ ಎಂಬ ಮಾತುಗಳು ಸಾಲಾಗಿ ಬರುತ್ತವೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು, ‘ಸ್ವಲ್ಪ ದೊಡ್ಡದು ಮಾಡಿ, ಕಣ್ಣು ತೋರಿಸಿ’ ಅನ್ನುತ್ತಾರೆ. ದೊಡ್ಡದು ಮಾಡಿದರೆ ಮೀನಿನ ಹುರುಪೆ ಎಣಿಸುವಷ್ಟು ಸ್ಪಷ್ಟ, ಹಕ್ಕಿಯ ಕಣ್ಣು ಮಾತ್ರ ಮಸುಕು. ಕೋಣೆ ಗಪ್‌ಚಿಪ್. ತೆಗೆದವರ ಮುಖ ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ ಎಂಬುದೊಂದೇ ಸಮಾಧಾನ.

ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಹೊರಟವರ ಸಂಖ್ಯೆ ಏರುತ್ತಿದೆ, ಆ ಹಿರಿಯರಂತೆ ಕೇಳುವವರ ಸಂಖ್ಯೆ ಏರುತ್ತಿಲ್ಲ. ಕೇಳಿದರೂ ಪ್ರಶ್ನೆ ಸಾಮಾನ್ಯವಾಗಿ ಕಣ್ಣಿನ ಸ್ಪಷ್ಟತೆಯಲ್ಲೇ ನಿಂತುಬಿಡುತ್ತದೆ. ಹಕ್ಕಿಯ ಫೋಟೊ ನೋಡಲು ಚೆಂದವಾಗಿರಬೇಕಾದ ಒಂದು ವಸ್ತು, ನಿಜ. ಜೊತೆಗೆ ಅದೊಂದು ಹೇಳಿಕೆಯೂ ಹೌದು. ‘ಈ ಹಕ್ಕಿ, ಇಂಥ ಜಾಗದಲ್ಲಿ, ತನ್ನ ಪಾಡಿಗೆ ತಾನು ಹೀಗೆ ನಡೆದುಕೊಂಡಿತು’ ಎಂದು ಆ ಫೋಟೊ ಹೇಳುತ್ತಿರುತ್ತದೆ. ಹೇಳಿಕೆ ಅಂದಮೇಲೆ ನಿಜವೇ ಎಂದು ವಿಚಾರಿಸಬೇಕಾಗುತ್ತದೆ. ಅಂದದ ತೀರ್ಪು ಕೊಟ್ಟು ಈ ವಿಚಾರಣೆಯನ್ನು ಬಿಟ್ಟುಬಿಡುವ ವಿಮರ್ಶೆ ಎಷ್ಟು ಖಡಕ್ಕಾಗಿದ್ದರೂ ಅರ್ಧದ್ದು. ಉಳಿದರ್ಧ ಮಾಡಲು ಕ್ಯಾಮೆರಾ ಗೊತ್ತಿದ್ದರೆ ಸಾಲದು, ಹಕ್ಕಿ ಗೊತ್ತಿರಬೇಕು.

ಹೊಗಳಿದ್ದು ಯಾರನ್ನು?

ಮೆಚ್ಚುಗೆಯ ಮಾತುಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಚಿತ್ರಕ್ಕೆ ಸಂಬಂಧಿಸಿದವೇ ಆಗಿರುವುದಿಲ್ಲ. ರಾಜಹಕ್ಕಿಯ ಉದ್ದನೆಯ ಬಿಳಿ ಬಾಲ ಯಾರು ತೆಗೆದರೂ ಚೆಂದ. ಆ ಮೆಚ್ಚುಗೆ ರಾಜಹಕ್ಕಿಗೆ ಸೇರಬೇಕಾದ್ದು. ಅಪರೂಪದ ಕಪ್ಪೆಬಾಯಿ ಹಕ್ಕಿ ಸಿಕ್ಕಿತೆಂದರೆ ಅದು ಗೈಡಿನ ಜಾಣ್ಮೆ ಅಥವಾ ಅದೃಷ್ಟ. 600 ಎಂಎಂ ಲೆನ್ಸಿನ ನುಣುಪು ಹಿನ್ನೆಲೆಯಲ್ಲಿ ಒಂದು ಪಾಲು ಬ್ಯಾಂಕ್ ಸಾಲದ್ದು. ಬೆಳಗಿನ ಜಾವ ಎದ್ದು, ಜಿಗಣೆ ಕಚ್ಚಿಸಿಕೊಂಡು, ಕೆಸರಿನಲ್ಲಿ ಮಲಗಿ ಕಾದದ್ದು ಶ್ಲಾಘನೀಯವೇ. ಆದರೆ ಆ ಕಷ್ಟ ಚೌಕಟ್ಟಿನೊಳಗೆ ಕಾಣುವುದಿಲ್ಲ, ಕಾಣದ್ದಕ್ಕೆ ಚಿತ್ರದ ಲೆಕ್ಕದಲ್ಲಿ ಅಂಕ ಕೊಡಲಾಗದು. ಇಷ್ಟನ್ನೆಲ್ಲ ಕಳೆದ ಮೇಲೆ ಉಳಿಯುವುದು ತೆಗೆದವರ ನಿರ್ಧಾರಗಳು: ಎಲ್ಲಿ ನಿಂತರು, ಯಾವ ಬೆಳಕಿಗೆ ಕಾದರು, ಯಾವ ಕ್ಷಣದಲ್ಲಿ ಒತ್ತಿದರು, ಮನೆಗೆ ಬಂದು ಯಾವುದನ್ನು ಇಟ್ಟುಕೊಂಡು ಯಾವುದನ್ನು ಅಳಿಸಿದರು. ವಿಮರ್ಶೆಗೆ ಕೆಲಸವಿರುವುದು ಇಲ್ಲಿ.

ಈ ಕೊನೆಯ ನಿರ್ಧಾರ, ಆಯ್ಕೆ, ಈಗ ಹಿಂದೆಂದಿಗಿಂತ ಭಾರವಾಗಿದೆ. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಪ್ರತಿ ಒತ್ತಿಗೂ ದುಡ್ಡು, ತೊಳೆದು ಬರುವ ತನಕ ಏನಾಗಿದೆಯೋ ಗೊತ್ತಿಲ್ಲ. ಆಗ ವಿಮರ್ಶೆಯ ಒಂದಂಶ ಗುಂಡಿ ಒತ್ತುವ ಮೊದಲೇ ನಡೆದುಹೋಗುತ್ತಿತ್ತು. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸೆಕೆಂಡಿಗೆ 20–30 ಚಿತ್ರ ಸಾಮಾನ್ಯ. ಎರಡು ಸೆಕೆಂಡು ಒತ್ತಿ ಹಿಡಿದರೆ ಒಂದು ರೋಲು ದಾಟಿತು. ಒಂದು ಬೆಳಗಿಗೆ ಮೂರು ಸಾವಿರ ಚಿತ್ರ ಹೊತ್ತು ಬಂದವರು ತಮ್ಮದೇ ಚಿತ್ರಗಳ ಮೊದಲ ವಿಮರ್ಶಕರಾಗದೆ ಗತಿಯಿಲ್ಲ. ಎಲ್ಲವನ್ನೂ ‘ಸೂಪರ್’ ಅಂದ ಗೆಳೆಯರು ಈ ಹೊತ್ತಿನಲ್ಲಿ ಏನೂ ನೆರವಾಗುವುದಿಲ್ಲ. ಹಾಗಾದರೆ ಅವರು ನಿಜ ಹೇಳದಿರುವುದೇಕೆ? ಮುಂದಿನ ವಾರ ಒಂದೇ ಜೀಪಿನಲ್ಲಿ ಕೂರಬೇಕು, ನಾಳೆ ತಮ್ಮ ಚಿತ್ರವೂ ಅದೇ ಗೋಡೆಗೆ ಬೀಳುತ್ತದೆ. ಹೊಗಳಿ ಅಟ್ಟಕ್ಕೇರಿಸುವುದು ಒಂದು ಬಗೆಯ ಮುಯ್ಯಿ. ಇಂದು ಕೊಟ್ಟರೆ ನಾಳೆ ಬರುತ್ತದೆ.

ಅಳತೆಗೆ ಸಿಗುವ ತಪ್ಪು

‘ಅಭಿರುಚಿ ಅವರವರದು, ನೀವ್ಯಾರು ಹೇಳೋಕೆ’ ಎಂಬುದು ವಿಮರ್ಶೆಯನ್ನು ಬಾಗಿಲಲ್ಲೇ ತಡೆಯುವ ಮಾತು. ಹಕ್ಕಿ ಫೋಟೊಗ್ರಫಿಯ ಮಟ್ಟಿಗೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಸತ್ಯವಿದೆ. ಇಲ್ಲಿನ ತಪ್ಪುಗಳಲ್ಲಿ ಬಹುಪಾಲು ಲೆಕ್ಕಕ್ಕೆ ಸಿಗುವಂಥವು. ಮೇಲಿನ ಮಿಂಚುಳ್ಳಿಯನ್ನೇ ತೆಗೆದುಕೊಳ್ಳಿ. 600 ಎಂಎಂ ಲೆನ್ಸನ್ನು ಎಫ್/4ರಲ್ಲಿ ತೆರೆದು, ಎಂಟು ಮೀಟರ್ ದೂರದ ಹಕ್ಕಿಗೆ ಗುರಿಯಿಟ್ಟರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ನಾಲ್ಕು ಸೆಂಟಿಮೀಟರ್. ಹಕ್ಕಿ ನಮ್ಮತ್ತ ತಿರುಗಿದ್ದರೆ ಕೊಕ್ಕಿನ ತುದಿಯಿಂದ ಕಣ್ಣಿನವರೆಗಿನ ದೂರವೇ ಅಷ್ಟಿರುತ್ತದೆ. ಫೋಕಸ್ ಮೀನಿನ ಮೇಲೆ ಬಿತ್ತು, ಕಣ್ಣು ಆಳದಿಂದ ಹೊರಗುಳಿಯಿತು. ಪರಿಹಾರವೂ ಇದರೊಳಗೇ ಇದೆ: ಎಫ್/8ಕ್ಕೆ ಇಳಿಸಿದರೆ ಆಳ ಹೆಚ್ಚುಕಡಿಮೆ ಇಮ್ಮಡಿ, ಇಲ್ಲವೇ ಹಕ್ಕಿ ತಲೆ ಅಡ್ಡ ತಿರುಗಿಸುವ ತನಕ ತಾಳಬೇಕು. ಹಾರುವ ಹಕ್ಕಿಯದೂ ಹೀಗೇ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಅಡ್ಡ ಹಾಯುವ ಹಕ್ಕಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಒಂದು ಸೆಂಟಿಮೀಟರ್ ಸರಿದಿರುತ್ತದೆ. ಕ್ಯಾಮೆರಾ ಅದರ ಜೊತೆ ಸರಿಯಾಗಿ ತಿರುಗಲಿಲ್ಲವೆಂದರೆ ಗರಿಗಳ ಅಂಚು ಅಳಿಸಿಹೋಗುತ್ತದೆ. ಕಪ್ಪು ನೀರಿನ ಎದುರು ನಿಂತ ಬೆಳ್ಳಕ್ಕಿಯ ಬೆನ್ನು ಬರೀ ಬಿಳಿ ಕಾಗದದಂತೆ ಬಂದಿದ್ದರೆ, ಕತ್ತಲೆ ಹಿನ್ನೆಲೆ ಕಂಡು ಮೀಟರು ಬೆಳಕನ್ನು ಹೆಚ್ಚಿಗೆ ಬಿಟ್ಟಿದೆ; ಎಕ್ಸ್‌ಪೋಷರನ್ನು ಮೈನಸ್ ಕಡೆಗೆ ಇಳಿಸಬೇಕಿತ್ತು. ಬಿಳಿ ಆಕಾಶದೆದುರಿನ ಕಾಜಾಣಕ್ಕೆ ಇದರ ತದ್ವಿರುದ್ಧ.

ಸಾರಿಗೆ ಉಪ್ಪು ಕಮ್ಮಿ ಅಂದವರು ಅಡುಗೆಯವರನ್ನು ಬೈದಂತಾಗುವುದಿಲ್ಲ, ಆದರೆ ‘ಚೆನ್ನಾಗಿಲ್ಲ’ ಅಂದು ಎಲೆ ಬಿಟ್ಟೆದ್ದವರು ಬೈದಂತೆಯೇ. ಕಟುವಾಗಿ ಹೇಳುವುದೇ ಪ್ರಾಮಾಣಿಕತೆ ಎಂದು ತಿಳಿದ ಕೆಲವರು ಪ್ರತಿ ಕ್ಲಬ್ಬಿನಲ್ಲೂ ಇರುತ್ತಾರೆ. ಅವರ ‘ಇದು ಫೋಟೊನೇ ಅಲ್ಲ’ ಮತ್ತು ಇತರರ ‘ಸೂಪರ್ ಸರ್’ ಎರಡರಿಂದಲೂ ತೆಗೆದವರಿಗೆ ಸಿಕ್ಕ ಮಾಹಿತಿ ಒಂದೇ, ಸೊನ್ನೆ. ತಪ್ಪು ಚೌಕಟ್ಟಿನ ಯಾವ ಮೂಲೆಯಲ್ಲಿದೆ, ಯಾಕಾಯಿತು, ಅಲ್ಲೇ ನಿಂತಿದ್ದರೆ ಏನು ಬದಲಿಸಬಹುದಿತ್ತು ಎಂಬ ಮೂರನ್ನು ಹೇಳಬಲ್ಲವರು ಎಷ್ಟು ಮೆತ್ತಗೆ ಹೇಳಿದರೂ ನಡೆಯುತ್ತದೆ. ಹೊಸಬರು ಎದೆಗುಂದುತ್ತಾರೆ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ತಿದ್ದಲು ಬರುವ ತಪ್ಪನ್ನು ತೋರಿಸಿದರೆ ಹೊಸಬರಿಗೆ ಮರುದಿನ ಕೆರೆಗೆ ಹೋಗಿ ಮಾಡಲು ಒಂದು ಕೆಲಸ ಸಿಗುತ್ತದೆ.

ಗೂಡಿನಿಂದ ದೂರ ಸರಿದ ಕ್ಯಾಮೆರಾ

ಇದುವರೆಗಿನದು ಸುಲಭದ ಭಾಗ. ಎರಡನೆಯ ಪ್ರಶ್ನೆ, ಚಿತ್ರ ಸಿಕ್ಕಿದ್ದು ಹೇಗೆ ಎಂಬುದು, ಕೇಳಿದೊಡನೆ ಗಾಳಿ ಬಿಸಿಯಾಗುತ್ತದೆ. ‘ಹಳಬರೆಲ್ಲ ಗೂಡಿನ ಫೋಟೊ ತೆಗೆದೇ ದೊಡ್ಡವರಾಗಿದ್ದು, ನಮಗೇಕೆ ಉಪದೇಶ?’ ಎಂಬ ಪ್ರತ್ಯುತ್ತರ ಸಿದ್ಧವಾಗಿರುತ್ತದೆ. ಮಾತಿನಲ್ಲಿ ಸುಳ್ಳಿಲ್ಲ. ಆಗಿನ ಫಿಲ್ಮುಗಳು ನಿಧಾನದವು, ಬಣ್ಣದ ಸ್ಲೈಡಿನ ಸಾಮಾನ್ಯ ವೇಗ ಐಎಸ್‌ಒ 25 ಅಥವಾ 64. ಉದ್ದನೆಯ ಲೆನ್ಸು ಕೈಗೆಟುಕದ ಮಾತು. ಹಕ್ಕಿ ಖಂಡಿತವಾಗಿ ಮರಳಿ ಬರುವ ಜಾಗ ಗೂಡು ಮಾತ್ರ. ಹಾಗಾಗಿ ಜಗತ್ತಿನೆಲ್ಲೆಡೆ ಗೂಡಿನ ಬಳಿ ಹೈಡ್, ಅಂದರೆ ಅಡಗುವ ಮರೆ, ಕಟ್ಟಿ ಕೂರುವುದೇ ವಿಧಾನವಾಗಿತ್ತು. ಬ್ರಿಟನ್ನಿನ ಖ್ಯಾತ ಪಕ್ಷಿ ಛಾಯಾಗ್ರಾಹಕ ಎರಿಕ್ ಹೋಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಹತ್ತಿರದ ಹೈಡ್‌ಗೆ ರಾತ್ರಿ ಹೋಗುವಾಗ ಗೂಬೆ ಎರಗಿ ಒಂದು ಕಣ್ಣನ್ನೇ ಕಳೆದುಕೊಂಡರು. ಆ ಗೂಬೆಯ ಅಭಿಪ್ರಾಯವನ್ನು ಒಂದು ವಿಮರ್ಶೆ ಎಂದು ಆಗ ಯಾರೂ ಓದಲಿಲ್ಲ.

ಕರ್ನಾಟಕಕ್ಕೂ ಈ ಪರಂಪರೆಯಲ್ಲಿ ಗಟ್ಟಿಯಾದ ಪಾಲಿದೆ. ಭಾರತದ ಫೋಟೊಗ್ರಫಿ ಕ್ಲಬ್ಬುಗಳ ಒಕ್ಕೂಟ 1953ರಲ್ಲಿ ಹುಟ್ಟಿದ್ದು ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ. 1971ರಲ್ಲಿ ಇಲ್ಲಿಯೇ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅಂಥ ವನ್ಯಜೀವಿ ಛಾಯಾಗ್ರಾಹಕರ ಹೆಸರು ದೇಶದಾಚೆಗೂ ಹೋಯಿತು. ಪೆರುಮಾಳ್ ಅವರು ಹಿರಿಯ ಛಾಯಾಗ್ರಾಹಕ ಒ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದವರು. ಪ್ರಿಂಟು ಹಿಡಿದು ಹಿರಿಯರ ಮುಂದೆ ಕೂತು ಹೇಳಿಸಿಕೊಳ್ಳುವುದೇ ಆ ಕಾಲದ ಕಲಿಕೆಯ ಕ್ರಮ. ಮೂಡಿಗೆರೆಯ ಸುತ್ತ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರದು ಕ್ಲಬ್ಬಿನ ಹಂಗಿಲ್ಲದ ಬೇರೆಯೇ ದಾರಿ. ಆದರೆ ಅವರಲ್ಲೂ ಕ್ಯಾಮೆರಾ ಮತ್ತು ಹಕ್ಕಿಯ ಕುತೂಹಲ ಬೇರೆ ಬೇರೆಯಾಗಿರಲಿಲ್ಲ. ಇವರ ಕಾಲದ ಪದ್ಧತಿಯನ್ನು ಇಂದಿನ ಕಣ್ಣಿನಿಂದ ಅಳೆದು ಅಪರಾಧಿ ಮಾಡುವುದು ಅನ್ಯಾಯ. ಅದೇ ಪದ್ಧತಿಯನ್ನು ಇಂದಿನವರು ನೆಪವಾಗಿ ಹಿಡಿದುಕೊಳ್ಳುವುದು ಮಾತ್ರ ಸಲ್ಲದು. ಅಂದಿಗೆ ಬೇರೆ ದಾರಿ ಇರಲಿಲ್ಲ, ಇಂದಿಗೆ ಇದೆ. ಅಂದು ಒಂದು ಗೂಡಿನ ಮುಂದೆ ಒಬ್ಬರು ಕೂರುತ್ತಿದ್ದರು, ಇಂದು ಗೂಡಿನ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಮುಟ್ಟಿ ಬೆಳಿಗ್ಗೆ ಇಪ್ಪತ್ತು ಟ್ರೈಪಾಡು ಬರಬಹುದು. ಅಡ್ಡವಾದ ಎಲೆ ಕಿತ್ತರೆ ಮರಿಗಳ ನೆತ್ತಿಗೆ ಬಿಸಿಲು ಬೀಳುತ್ತದೆ, ಕಾಗೆಗೆ ದಾರಿ ತೆರೆಯುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಬರಿನೆಲದ ಮೇಲೆ ಮೊಟ್ಟೆಯಿಡುವ ನದಿ ರೀವಗಳನ್ನು ಎಬ್ಬಿಸಿದರೆ, ತಾಯಿ ಗಾಳಿಯಲ್ಲಿ ಸುತ್ತುವಷ್ಟು ಹೊತ್ತೂ ಮೊಟ್ಟೆ ಕಾದ ಕಲ್ಲಿನ ಮೇಲೆ ಬೇಯುತ್ತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬುದರ ವ್ಯಾಖ್ಯೆಯಲ್ಲೇ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ ಎಂಬುದು ಕ್ಯಾಮೆರಾ ಹಿಡಿದವರಲ್ಲಿ ಅನೇಕರಿಗೆ ಗೊತ್ತಿಲ್ಲ.

ಹಕ್ಕಿಯೇ ನುಡಿಯುವ ಸಾಕ್ಷಿ

ತೆಗೆದದ್ದು ಹೇಗೆ ಎಂಬುದು ತೆಗೆದವರ ಆತ್ಮಸಾಕ್ಷಿಗೆ ಬಿಟ್ಟದ್ದು, ವಿಮರ್ಶಕರು ಪೊಲೀಸರಲ್ಲ ಎಂಬುದು ಇನ್ನೊಂದು ವಾದ. ಆದರೆ ಉತ್ತರ ಎಷ್ಟೋ ಸಲ ಚಿತ್ರದಲ್ಲೇ ಇರುತ್ತದೆ. ಬಾಯಲ್ಲಿ ಹುಳು ಕಚ್ಚಿಕೊಂಡು, ಮೈ ಬಿಗಿಹಿಡಿದು, ನೇರ ಲೆನ್ಸನ್ನೇ ದಿಟ್ಟಿಸುತ್ತಿರುವ ಹಕ್ಕಿಯ ಚಿತ್ರ ನಮ್ಮಲ್ಲಿ ಬಹಳ ಮೆಚ್ಚುಗೆ ಪಡೆಯುವಂಥದ್ದು. ಕಣ್ಣಿಗೆ ಕಣ್ಣು ಕೂಡಿದೆ ಎಂದು ಹೊಗಳುತ್ತಾರೆ. ಹಕ್ಕಿ ಬಲ್ಲವರಿಗೆ ಅಲ್ಲಿ ಕಾಣುವುದು ಬೇರೆ. ಮರಿಗೆ ಗುಟುಕು ತಂದ ತಾಯಿ ಗೂಡಿನ ಬಳಿ ಯಾರೋ ಇದ್ದಾರೆಂದು ಒಳಗೆ ಹೋಗಲಾರದೆ ನಿಂತಿದೆ. ರೆಕ್ಕೆ ಅಗಲಿಸಿ ‘ಕುಣಿಯುತ್ತಿರುವ’ ಟಿಟ್ಟಿಭ ಬಹುಮಟ್ಟಿಗೆ ಮೊಟ್ಟೆಯ ಹತ್ತಿರ ಬಂದವರನ್ನು ಬೆದರಿಸುತ್ತಿರುತ್ತದೆ. ಸಣ್ಣ ಮರಿಗಳು ಬರಿಯ ಕೊಂಬೆಯ ಮೇಲೆ ಅಳತೆ ಇಟ್ಟಂತೆ ಸಾಲಾಗಿ ಕೂತಿದ್ದರೆ ಅಲ್ಲಿಗೆ ಅವು ತಾವಾಗಿ ಬಂದವೇ ಎಂದು ಕೇಳುವುದು ನ್ಯಾಯ. ಕಾಡಿನ ಅಂಜುಬುರುಕ ಹಕ್ಕಿ ಗಂಟಲುಬ್ಬಿಸಿ, ಎದುರಾಳಿಯನ್ನು ಹುಡುಕುವಂತೆ ಬಯಲಿಗೆ ಬಂದು ನಿಂತಿದ್ದರೆ ಯಾರದೋ ಜೇಬಿನ ಮೊಬೈಲಿನಿಂದ ಅದರ ಜಾತಿಯದೇ ಕೂಗು ಕೇಳಿರಬಹುದು. ಇವೆಲ್ಲ ಊಹೆಗಳು, ತೀರ್ಪುಗಳಲ್ಲ. ಆರೋಪ ಹೊರಿಸದೆ ‘ಇದು ಗೂಡಿನಿಂದ ಎಷ್ಟು ದೂರದಲ್ಲಿತ್ತು?’ ಎಂದು ಕೇಳಲು ಇಷ್ಟು ಊಹೆ ಸಾಕು.

ದೊಡ್ಡ ಸ್ಪರ್ಧೆಗಳೂ ಈ ಪಾಠವನ್ನು ತಡವಾಗಿ ಕಲಿತಿವೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರ ಅಗ್ರ ಪ್ರಶಸ್ತಿ ಬಂದದ್ದು ರಾತ್ರಿಯಲ್ಲಿ ಮರದ ಗೇಟು ಹಾರುವ ತೋಳದ ಚಿತ್ರಕ್ಕೆ. ಬೆಳಕು, ಕ್ಷಣ, ಚೌಕಟ್ಟು ಎಲ್ಲವೂ ಅಚ್ಚುಕಟ್ಟು. ಸಂದೇಹ ಬಂದದ್ದು ತೋಳಗಳ ಸ್ವಭಾವ ಬಲ್ಲವರಿಗೆ: ಕಾಡಿನ ತೋಳ ಕಂಬಿಗಳ ನಡುವೆ ನುಸುಳಿ ಹೋಗುವ ಬದಲು ಹಾರುವುದೇಕೆ? ಅದು ಸಾಕಿದ ತೋಳವೇ ಇರಬೇಕೆಂಬ ತೀರ್ಮಾನಕ್ಕೆ ಬಂದು 2010ರ ಜನವರಿಯಲ್ಲಿ ಪ್ರಶಸ್ತಿ ಹಿಂದಕ್ಕೆ ಪಡೆದರು. ಅದೇ ಸ್ಪರ್ಧೆಯ 2017ರ ಪ್ರಶಸ್ತಿಗಳಲ್ಲೊಂದನ್ನು ಗೆದ್ದ ಬ್ರೆಜಿಲ್‌ನ ಇರುವೆಭಕ್ಷಕ, ಹುಲ್ಲು ತುಂಬಿಟ್ಟ ಪ್ರಾಣಿ ಎಂದು ಮರುವರ್ಷ ಅನರ್ಹವಾಯಿತು. ಚಿತ್ರ ತೆಗೆದ ಇಬ್ಬರೂ ಆರೋಪ ಒಪ್ಪಲಿಲ್ಲ. ಗಮನಿಸಬೇಕಾದ್ದು, ಅಂದವನ್ನಷ್ಟೇ ನೋಡಿದ್ದರೆ ಎರಡೂ ಇಂದಿಗೂ ಗೋಡೆಯ ಮೇಲೆ ಇರುತ್ತಿದ್ದವು. ಸಿಕ್ಕಿಹಾಕಿಕೊಂಡದ್ದು ಪ್ರಾಣಿಯ ಮೈಕಟ್ಟು, ನಡವಳಿಕೆ ಅರಿತ ಕಣ್ಣಿಗೆ.

ಎಲ್ಲವೂ ಕಪ್ಪುಬಿಳುಪಾಗಿಲ್ಲ ಎಂಬುದೂ ನಿಜ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸಿನಲ್ಲಿ ಹಕ್ಕಿಗಳಿಗೆಂದು ಇಟ್ಟ ನೀರಿನ ತೊಟ್ಟಿಗಳಿಗೆ ಕಾಡಿನ ಹಕ್ಕಿಗಳು ಮೀಯಲು ಬರುತ್ತವೆ. ನೂರಾರು ಜನ ಒಳ್ಳೆಯ ಚಿತ್ರ ತೆಗೆದಿದ್ದಾರೆ. ಹಕ್ಕಿಗೆ ನೀರು ಸಿಗುತ್ತದೆ, ಜನರು ಗೂಡು ಹುಡುಕಿ ಕಾಡಿಗೆ ನುಗ್ಗುವುದು ತಪ್ಪುತ್ತದೆ. ಇದನ್ನು ಮೀನು ತುಂಬಿದ ಗಾಜಿನ ತೊಟ್ಟಿ ಹೂತಿಟ್ಟು ಮಿಂಚುಳ್ಳಿಯನ್ನು ಧುಮುಕಿಸುವುದರ ಜೊತೆ ಒಂದೇ ತಕ್ಕಡಿಗೆ ಹಾಕಲಾಗದು. ನನ್ನ ಲೆಕ್ಕದಲ್ಲಿ ಇಲ್ಲಿ ಪ್ರಾಮಾಣಿಕತೆ ಅಂದರೆ ಅಡಿಬರಹ. ‘ತೊಟ್ಟಿಯ ಬಳಿ, ಹೈಡ್‌ನಿಂದ’ ಎಂದು ಬರೆದ ಚಿತ್ರ ಸುಳ್ಳು ಹೇಳುತ್ತಿಲ್ಲ. ತೊಟ್ಟಿಯ ಅಂಚನ್ನು ಕತ್ತರಿಸಿ ‘ಕಾಡಿನ ತೊರೆಯಲ್ಲಿ’ ಎಂದು ಬರೆದರೆ ಹೇಳುತ್ತದೆ.

ಒಂದೇ ಅಚ್ಚಿನ ಮಿಂಚುಳ್ಳಿಗಳು

ವಿಮರ್ಶೆಯ ವಿರುದ್ಧ ನನಗೆ ತೂಕದ್ದೆನಿಸುವ ಆಕ್ಷೇಪ ಒಂದೇ: ಅದು ಎಲ್ಲರನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯುತ್ತದೆ. ಕಣ್ಣು ಚೂಪಾಗಿರಬೇಕು, ಕಣ್ಣಲ್ಲಿ ಬೆಳಕಿನ ಚುಕ್ಕೆ ಇರಬೇಕು, ಹಿನ್ನೆಲೆ ನುಣ್ಣಗಿರಬೇಕು, ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆದಿರಬೇಕು, ಕೊಂಬೆಯ ಮೇಲೆ ಪಾಚಿ ಇದ್ದರೆ ಉತ್ತಮ. ಈ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದ ನೂರು ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಹಕ್ಕಿ ಎಲ್ಲಿ ಬದುಕುತ್ತದೆಂಬುದೇ ಮರೆತುಹೋಗುತ್ತದೆ. ಸಲೋನ್ ಎಂಬ ಫೋಟೊ ಸ್ಪರ್ಧೆಗಳಲ್ಲಿ ತೀರ್ಪುಗಾರರು ಒಂದೊಂದು ಚಿತ್ರಕ್ಕೆ ಕೆಲವೇ ಸೆಕೆಂಡು ಕೊಟ್ಟು ಅಂಕ ಒತ್ತುವ ಪದ್ಧತಿ ಈ ಅಚ್ಚನ್ನು ಇನ್ನಷ್ಟು ಗಟ್ಟಿ ಮಾಡಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಮುಸ್ಸಂಜೆಯಲ್ಲಿ ಹೊಲಗಳತ್ತ ಏಳುವ ಪಟ್ಟೆತಲೆ ಹೆಬ್ಬಾತುಗಳ ಹಿಂಡಿನ ಚಿತ್ರದಲ್ಲಿ ಕಣ್ಣು ಹುಡುಕುವುದು ಅಧಿಕಪ್ರಸಂಗ. ಅಲ್ಲಿರುವುದು ಹಿಂಡು, ದೂರ, ಊರಿನ ದೀಪ.

ತಮಾಷೆಯೆಂದರೆ, ಅಂತರರಾಷ್ಟ್ರೀಯ ಸಂಸ್ಥೆಗಳ ನಿಯಮವೂ ಇದನ್ನೇ ಹೇಳುತ್ತದೆ. ಫೋಟೊಗ್ರಫಿಯ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ 2014ರಲ್ಲಿ ಒಟ್ಟಾಗಿ ಒಪ್ಪಿದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯ ಪ್ರಕಾರ ಚಿತ್ರ ಹೇಳುವ ಕಥೆಗೆ ಅದರ ಅಂದಕ್ಕಿಂತ ಹೆಚ್ಚಿನ ತೂಕ ಕೊಡಬೇಕು. ಚೌಕಟ್ಟು ಕತ್ತರಿಸಬಹುದು, ಇದ್ದದ್ದನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ನಿಷಿದ್ಧ. ಈಗ ಈ ಗೆರೆಯ ಮೇಲೆಯೇ ಹೊಸ ತಂಟೆ ಹುಟ್ಟಿದೆ. ನಾಯ್ಸ್ ಕಳೆಯುವ, ಚೂಪು ಹೆಚ್ಚಿಸುವ ಎಐ ತಂತ್ರಾಂಶಗಳು ಮಸುಕಾದ ಎದೆಯ ಮೇಲೆ ಹೊಸದಾಗಿ ಗರಿ ನೇಯಬಲ್ಲವು. ಆ ಗರಿಗಳು ಕ್ಯಾಮೆರಾ ಕಂಡದ್ದಲ್ಲ. ಎರಡು ಉಲಿಯಕ್ಕಿಗಳನ್ನು ಬೇರ್ಪಡಿಸಲು ಎದೆಯ ಗೆರೆ, ಹುಬ್ಬಿನ ಬಣ್ಣವೇ ಆಧಾರವಾದಾಗ ಇದು ಬರೀ ಸೌಂದರ್ಯದ ತಕರಾರಾಗಿ ಉಳಿಯುವುದಿಲ್ಲ. ಸ್ಪರ್ಧೆಗಳು ಮೂಲ ಕಡತ ಕೇಳುತ್ತವೆ. ಕ್ಲಬ್ಬುಗಳಲ್ಲೂ ಮೂಲ ಚಿತ್ರ, ತಿದ್ದಿದ ಚಿತ್ರ ಎರಡನ್ನೂ ಅಕ್ಕಪಕ್ಕ ತೋರಿಸುವ ರೂಢಿ ಬಂದರೆ ಅರ್ಧ ಜಗಳ ಏಳುವುದೇ ಇಲ್ಲ.

ಹೇಳಿಸಿಕೊಳ್ಳುವವರ ಪಾಲು

ಹೇಳುವವರ ಜವಾಬ್ದಾರಿಯ ಬಗ್ಗೆ ಇಷ್ಟಾಯಿತು. ಕೇಳುವವರು ಮಾಡಬೇಕಾದ್ದೂ ಸ್ವಲ್ಪ ಇದೆ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ; ಅದು ನಮ್ಮ ಶಿಷ್ಟಾಚಾರ. ‘ಬಲಗಡೆಯ ಜಾಗ ಹೆಚ್ಚಾಯಿತೇ?’, ‘ರೆಕ್ಕೆಯ ತುದಿ ಕತ್ತರಿಸಿದ್ದು ಕಣ್ಣಿಗೆ ಚುಚ್ಚುತ್ತದೆಯೇ?’ ಎಂದು ಕೇಳಿದರೆ ಉತ್ತರ ಕೊಡುವವರಿಗೂ ಧೈರ್ಯ ಬರುತ್ತದೆ. ‘ಅವತ್ತು ಮೋಡ ಇತ್ತು, ದೋಣಿ ಅಲುಗುತ್ತಿತ್ತು’ ಎಂಬ ವಿವರಣೆ ತಕ್ಷಣ ನಾಲಿಗೆಗೆ ಬರುತ್ತದೆ. ರಂಗನತಿಟ್ಟಿನ ದೋಣಿ ಎಲ್ಲರಿಗೂ ಅಲುಗುತ್ತದೆ. ತೆಗೆದ ದಿನದ ಖುಷಿ ಆರದೆ ತಾವು ತೆಗೆದದ್ದನ್ನು ತಾವೇ ತೂಗುವುದು ಕಷ್ಟ, ಆದ್ದರಿಂದ ಕೆಲವು ವಾರ ಬಿಟ್ಟು ತೋರಿಸುವುದು ಮೇಲು. ಬೇರೆ ಬೇರೆ ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ. ಮೂವರು ಮೂರು ಕಡೆ ತೋರಿಸಿದರೆ ಅದು ಅಭಿರುಚಿಯ ಮಾತು, ಬೇಕಾದದ್ದನ್ನು ಇಟ್ಟುಕೊಳ್ಳಬಹುದು.

ವಿಮರ್ಶೆಯನ್ನು ಒಪ್ಪದಿರುವ ಹಕ್ಕೂ ಇದರಲ್ಲೇ ಸೇರಿದೆ. ಬೂದು ಮಂಗಟ್ಟೆಯ ಬಾಲದ ಮುಂದೆ ಸಣ್ಣ ಕೊಂಬೆಯೊಂದು ಅಡ್ಡ ಬಂದಿದೆ ಎಂದುಕೊಳ್ಳಿ. ‘ಅದನ್ನು ಕ್ಲೋನ್ ಮಾಡಿ ತೆಗೀರಿ, ಗೋಲ್ಡ್ ಮೆಡಲ್ ಗ್ಯಾರಂಟಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಳಿಸಿದರೆ ಅದು ನಿಸರ್ಗ ವಿಭಾಗಕ್ಕೆ ಸಲ್ಲುವುದಿಲ್ಲ, ಹಣ್ಣಿನ ಮರದ ಸಂದಿಯಲ್ಲಿ ಬದುಕುವ ಹಕ್ಕಿ ಬಯಲಿನ ಹಕ್ಕಿಯಾಗಿಬಿಡುತ್ತದೆ. ಆ ಸಲಹೆಗೆ ‘ಆಗಲ್ಲ’ ಅನ್ನಬಹುದು. ‘ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತಿದ್ದರೆ ಕೊಂಬೆ ಬಾಲಕ್ಕೆ ಸಿಗುತ್ತಿರಲಿಲ್ಲ’ ಎಂದವರ ಮಾತನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು. ಅತ್ತಿ ಮರ ಮತ್ತೆ ಹಣ್ಣಾದಾಗ ಮಂಗಟ್ಟೆ ಅಲ್ಲಿಗೇ ಬರುತ್ತದೆ.